ಶುಂಠಿ ಬಿಯರು: ಬಾಟಲಿಗೆ ತುಂಬಿದ ಮೇಲಿನ ಲೆಕ್ಕ

ಶುಂಠಿ ಬಿಯರು ಅಂದರೆ ಶುಂಠಿ, ಸಕ್ಕರೆ ನೀರನ್ನು ಹುಳಿಸಿ ಮಾಡುವ, ಗ್ಯಾಸ್ ತುಂಬಿದ ಪಾನೀಯ. ಅದನ್ನು ಕಾಯಿಸುವುದು ಕಷ್ಟವಲ್ಲ. ಕೆಡುವುದು ಬಾಟಲಿಗೆ ತುಂಬಿದ ಮೇಲೆ, ಅದರಲ್ಲೂ ಕೋಲಾರದ ಏಪ್ರಿಲ್ ಬಿಸಿಲಿನಲ್ಲಿ.

ಮೊದಲು ಹೆಪ್ಪು. ಅರ್ಧ ಲೀಟರ್ ನೀರಿಗೆ ಸಿಪ್ಪೆ ಸಮೇತ ಹೆಚ್ಚಿದ ಹಸಿ ಶುಂಠಿ ಎರಡು ಚಮಚ, ಸಕ್ಕರೆ ಎರಡು ಚಮಚ. ದಿನವೂ ಅಷ್ಟಷ್ಟೇ ಸೇರಿಸಿ ಕದಡಿ, ಬಾಯಿಗೆ ಬಟ್ಟೆ ಕಟ್ಟಿಡಿ. ಹುಳಿಸುವ ಸೂಕ್ಷ್ಮಜೀವಿ ಯೀಸ್ಟ್ ಇರುವುದು ಸಿಪ್ಪೆಯ ಮೇಲೆ, ಮಣ್ಣು ಹೋಗುವಷ್ಟು ತೊಳೆದರೆ ಸಾಕು. ನಾಲ್ಕೈದು ದಿನಕ್ಕೆ ನೊರೆ ಏಳುತ್ತದೆ. ಬೂಷ್ಟು ಕಂಡರೆ ಪೂರ್ತಿ ಚೆಲ್ಲಿಬಿಡಿ.

ನೀರಿನ ಬಗ್ಗೆ ಉದಾಸೀನ ಬೇಡ. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗದು, ನೀರು ಇಂಗಿದಷ್ಟೂ ಹೆಚ್ಚುತ್ತದೆ. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಬಳಸಿ.

ಎರಡು ಲೀಟರ್ ನೀರಿಗೆ ಜಜ್ಜಿದ ಶುಂಠಿ 100 ಗ್ರಾಂ, ಸಕ್ಕರೆ 160 ಗ್ರಾಂ ಹಾಕಿ ಹತ್ತು ನಿಮಿಷ ಕುದಿಸಿ ಸೋಸಿ. ಪೂರ್ತಿ ಆರಿದ ಮೇಲೆ ಎರಡು ನಿಂಬೆಹಣ್ಣಿನ ರಸ, ಸೋಸಿದ ಹೆಪ್ಪು 120 ಮಿ.ಲೀ. ಬೆರೆಸಿ. ಆತುರಪಟ್ಟು ಬಿಸಿಗೇ ಹಾಕಿದರೆ ಯೀಸ್ಟ್ ಸಾಯುತ್ತದೆ. ಗ್ಯಾಸೇ ಬರಲಿಲ್ಲ ಎನ್ನುವವರು ಮೊದಲು ನೋಡಿಕೊಳ್ಳಬೇಕಾದದ್ದು ಇದನ್ನೇ. ಆಮೇಲೆ ಮುಚ್ಚಳ ಬಿಗಿಯಾಗಿದೆಯೇ ಎಂದು.

ಈಗ ಲೆಕ್ಕ. ಯೀಸ್ಟ್ 4 ಗ್ರಾಂ ಸಕ್ಕರೆ ತಿಂದರೆ ಸುಮಾರು 2 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ಗ್ಯಾಸ್ ಹುಟ್ಟುತ್ತದೆ. ಬಿಯರ್ ಮಾಡುವವರು ಹುಳಿಯುವುದು ಪೂರ್ತಿ ನಿಂತ ಮೇಲೆ ಲೀಟರಿಗೆ ಆರೇಳು ಗ್ರಾಂ ಸಕ್ಕರೆ ಹಾಕಿ ಮುಚ್ಚುತ್ತಾರೆ. ಅದು ತೀರಿದರೆ ಗ್ಯಾಸೂ ನಿಂತಿತು. ಅದಕ್ಕೇ ಬಿಯರನ್ನು ಎರಡು ವಾರ ಹೊರಗಿಟ್ಟು, ಆಮೇಲೆ ತಿಂಗಳುಗಟ್ಟಲೆ ಹದಗೊಳ್ಳಲು ಬಿಡಬಹುದು. ಶುಂಠಿ ಬಿಯರಿನಲ್ಲಿ ಲೀಟರಿಗೆ 80 ಗ್ರಾಂ ಸಕ್ಕರೆ ಹಾಗೇ ಇರುತ್ತದೆ. ಅದರಲ್ಲಿ 12ರಿಂದ 16 ಗ್ರಾಂ ಯೀಸ್ಟ್ ತಿಂದರೆ ಅಂಗಡಿ ಸೋಡಾದಷ್ಟು ಜುಮ್ಮೆನ್ನುತ್ತದೆ. ಮಿಕ್ಕದ್ದನ್ನೂ ತಿನ್ನಲು ಬಿಟ್ಟರೆ ಯಾವ ಬಾಟಲಿಯೂ ತಡೆಯದು. ಇದು ಹಳತಾದಷ್ಟೂ ರುಚಿಯಾಗುವ ಪಾನೀಯವಲ್ಲ.

ಹಾಗಾಗಿ ಗಾಜು ಬೇಡ, ತಂಪು ಪಾನೀಯ ಬರುವ ದಪ್ಪ ಪ್ಲಾಸ್ಟಿಕ್ ಬಾಟಲಿ ಸಾಕು. ಮಿನರಲ್ ವಾಟರಿನ ತೆಳು ಬಾಟಲಿ ಬೇಡ. ಗೋಲಿ ಸೋಡಾದ ಬಾಟಲಿ ಆಸೆ ಹುಟ್ಟಿಸುತ್ತದೆ, ಆದರೆ ಒಳಗಿನ ಒತ್ತಡವಿದ್ದರೆ ಮಾತ್ರ ಗೋಲಿ ಬಾಯಿಗೆ ಕೂರುತ್ತದೆ. ನಿಧಾನವಾಗಿ ಹುಟ್ಟುವ ಗ್ಯಾಸ್ ಸೋರಿಹೋಗುತ್ತದೆ.

ಮೇಲೆ ಮೂರು ಬೆರಳು ಜಾಗ ಬಿಟ್ಟು ತುಂಬಿ, ಬಿಗಿಯಾಗಿ ಮುಚ್ಚಿ, ನೆರಳಲ್ಲಿಡಿ. ಬೆಳಿಗ್ಗೆ ಸಂಜೆ ಹಿಚುಕಿ ನೋಡಿ. ಹೆಬ್ಬೆರಳಿಗೆ ಒಂಚೂರೂ ಬಗ್ಗದಿದ್ದರೆ ಆ ಕ್ಷಣವೇ ಫ್ರಿಜ್ಜಿಗೆ. ಬೇಸಿಗೆಯಲ್ಲಿ ಒಂದೇ ದಿನ ಸಾಕಾದೀತು, ಡಿಸೆಂಬರಿನಲ್ಲಿ ಮೂರು ದಿನ ಬೇಕಾದೀತು. ಗಡಿಯಾರಕ್ಕಿಂತ ಬೆರಳನ್ನು ನಂಬಿ.

ಫ್ರಿಜ್ಜಿನಲ್ಲಿ ಯೀಸ್ಟ್ ಮಂಕಾಗುತ್ತದೆಯೇ ಹೊರತು ಸಾಯುವುದಿಲ್ಲ. ಒಂದು ವಾರದೊಳಗೆ ಮುಗಿಸಿ. ರಾತ್ರಿಯಿಡೀ ತಣ್ಣಗಾದ ಮೇಲೆ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ, ನೊರೆ ಇಳಿದ ಮೇಲೆ ಮತ್ತೆ ಕಾಲು ಸುತ್ತು. ಲೋಳೆಯಾಗಿ ನೂಲೆಳೆದರೆ ಬ್ಯಾಕ್ಟೀರಿಯಾ ಮೇಲುಗೈಯಾಗಿದೆ, ಚೆಲ್ಲಿ. ಸ್ವಲ್ಪ ಆಲ್ಕೋಹಾಲೂ ಇರುವುದರಿಂದ ಮಕ್ಕಳಿಗೆ, ಬಸುರಿಯರಿಗೆ ಕೊಡಬೇಡಿ.