ಖಾಲಿ ಕುರ್ಚಿ: ಏಳನೇ ಫಲಕ ಕೊನೆಗೂ ಮಾತು ಕೇಳಿತು

ತೈಲಚಿತ್ರದ ಆರು ಫಲಕ ಹಾಳಾದ ಮೇಲೆ ಏಳನೆಯದರಲ್ಲಿ ಕುರ್ಚಿಯ ಮೇಲಿದ್ದ ಆಕೃತಿ ಸರಿಯಾಗಿ ‘ಹೋಯಿತು’. ಸರಿಯಾಗಿ ಹೋಗುವುದೆಂದರೆ, ಈಗ ಇಲ್ಲ ಅನ್ನುವುದೂ ಕಾಣಬೇಕು, ಹಿಂದೆ ಇತ್ತು ಅನ್ನುವುದೂ ಕಾಣಬೇಕು. ನನ್ನ ಈ ಚಿತ್ರಸರಣಿಯ ಹಠ ಮೊದಲಿನಿಂದ ಇದೊಂದೇ. ಅಳುವ ಮುಖ, ಬಾಗಿದ ತಲೆ, ಬಾಡಿದ ಹೂವು ಯಾವುದೂ ಬೇಡ. ಕೂತ ವ್ಯಕ್ತಿಯನ್ನು ಪೂರ್ತಿ ಬರೆದು, ಆಮೇಲೆ ಬಣ್ಣವನ್ನೇ ತೆಗೆದು ಅಗಲಿಕೆಯನ್ನು ತೋರಿಸಬೇಕು. ಹೇಳುವಾಗ ಸುಲಭ. ಮಾಡಹೊರಟರೆ ಒಂದೋ ಎಲ್ಲ ಒರೆಸಿಹೋಗಿ ಪೀಠೋಪಕರಣದ ಜಾಹೀರಾತು ಉಳಿಯುತ್ತದೆ, ಇಲ್ಲವೇ ಅರೆಬರೆ ಉಳಿದು ದೆವ್ವದ ಸಿನಿಮಾದ ಪೋಸ್ಟರ್ ಆಗುತ್ತದೆ.

ಫಲಕದ ತಯಾರಿ ಗೊತ್ತಿರುವುದೇ, ಲೆಕ್ಕ ಮಾತ್ರ ಬರೆದಿಡುತ್ತೇನೆ: 30×40 ಸೆಂ.ಮೀ., 6 ಮಿ.ಮೀ. ಎಂಡಿಎಫ್ ಹಲಗೆ, ನಾಲ್ಕು ಕೋಟ್ ಅಕ್ರಿಲಿಕ್ ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಅಡಿಪದರ), 400ರ ಸ್ಯಾಂಡ್‌ಪೇಪರ್. ಮೊದಲ ಎರಡು ಫಲಕ ಕೆಟ್ಟದ್ದು ಇಲ್ಲೇ. ಬರೀ ಜೆಸ್ಸೊ ಎಣ್ಣೆಯನ್ನು ಹೀರಿಕೊಂಡು ವರ್ಣಪುಡಿಯನ್ನು ರಂಧ್ರಗಳಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಒರೆಸಿದರೆ ಆಕೃತಿ ಹೋಗುವುದಿಲ್ಲ, ಕೊಳೆಯಾಗುತ್ತದೆ. ಪರಿಹಾರ: ಮಧ್ಯಮ ಬೂದು ಬಣ್ಣಕ್ಕೆ ಅಕ್ರಿಲಿಕ್ ಮ್ಯಾಟ್ ಮೀಡಿಯಂ ಸಮಪಾಲು ಬೆರೆಸಿ ಜೆಸ್ಸೊ ಮೇಲೆ ಒಂದು ತೆಳು ಕೋಟ್. ಹೊಳಪಿನ ಮೀಡಿಯಂ ಹಾಕಿದರೆ ತೈಲವರ್ಣ ಜಾರುತ್ತದೆ, ಹಿಡಿತವೂ ಸಾಲದು. ಈ ಬೂದು ಮುಖ್ಯ. ಒರೆಸಿದ ಮೇಲೆ ನೋಡುವವರ ಕಣ್ಣಿಗೆ ಬೀಳುವ ‘ಇಲ್ಲ’ ಇದೇ.

ಮೂರನೆಯದು ನೀಲಿಯ ತಪ್ಪು. ದುಃಖ ಅಂದ ತಕ್ಷಣ ನೀಲಿ ಟ್ಯೂಬು ಹಿಂಡುವ ಚಾಳಿಗೆ ಪಿಕಾಸೊ ಮೇಲೆ ಹೊಣೆ ಹೊರಿಸಬಹುದು. ಗೆಳೆಯ ಕಾಸಾಜೆಮಾಸ್ 1901ರಲ್ಲಿ ತೀರಿಕೊಂಡ ಮೇಲೆ 1904ರವರೆಗೂ ನೀಲಿಯಲ್ಲೇ ಬರೆದ. ಅವನಿಗೆ ಒರೆಸುವ ಕೆಲಸ ಇರಲಿಲ್ಲ. ಪ್ರಷ್ಯನ್ ಬ್ಲೂ ಚಿಟಿಕೆಯಷ್ಟಿದ್ದರೂ ಎಲ್ಲದಕ್ಕೂ ಕಲೆ ಹತ್ತಿಸುತ್ತದೆ. ಥ್ಯಾಲೊ ಬ್ಲೂ ಅದಕ್ಕೂ ಒಂದು ಕೈ ಹೆಚ್ಚು. ಒರೆಸಿದಷ್ಟೂ ಹರಡಿ ಕುರ್ಚಿಗೂ ಜ್ವರ ಬಂದಂತಾಯಿತು.

ನಾಲ್ಕನೆಯದರಲ್ಲಿ ನಾರ್ವೆಯ ಚಿತ್ರಕಾರ ಮುಂಕ್‌ನ ದಾರಿ. ಅಕ್ಕ ಸೋಫಿ 1877ರಲ್ಲಿ ಕ್ಷಯದಿಂದ ತೀರಿಕೊಂಡಳು. ಆ ನೆನಪಿನ ‘ಕಾಯಿಲೆಯ ಹುಡುಗಿ’ ಚಿತ್ರವನ್ನು 1885–86ರಲ್ಲಿ ಬಣ್ಣ ಬಳಿದು, ಕೆರೆದು, ಮತ್ತೆ ಬಳಿದು, ಗೀರು ಎಳೆದು ಮುಗಿಸಿದ. ಅಷ್ಟಕ್ಕೂ ತೃಪ್ತಿಯಾಗದೆ ನಾಲ್ಕು ದಶಕಗಳಲ್ಲಿ ಒಟ್ಟು ಆರು ತೈಲಚಿತ್ರ ಮಾಡಿದ. ಆರು ಫಲಕ ಕೆಟ್ಟವರಿಗೆ ಇದು ಸಮಾಧಾನದ ಸಂಗತಿ. ಆದರೆ ಹಸಿ ಬಣ್ಣದಲ್ಲಿ ಕುಂಚದ ಹಿಡಿಯಿಂದ ಗೀರಿದರೆ ಗೀರುಗಳೇ ಜೋರಾಗಿ ಮಾತಾಡುತ್ತವೆ. ನನ್ನ ಕುರ್ಚಿಗೆ ಬೇಕಾದದ್ದು ಮೌನ, ಸಿಕ್ಕಿದ್ದು ಮಳೆ.

ಇನ್ನು ಐದು, ಆರು, ಏಳು. ಇವು ಒಂದೇ ಉಪಾಯದ ಮೂರು ಅವತಾರ. ತೈಲವರ್ಣಗಳೆಲ್ಲ ಒಂದೇ ವೇಗದಲ್ಲಿ ಒಣಗುವುದಿಲ್ಲ. ಬರ್ನ್ಟ್ ಅಂಬರ್‌ನಲ್ಲಿ (ಕಡುಕಂದು ಬಣ್ಣ) ಸಹಜವಾಗಿಯೇ ಮ್ಯಾಂಗನೀಸ್ ಇದೆ, ಅದು ಎಣ್ಣೆಯನ್ನು ಬೇಗ ಗಟ್ಟಿಯಾಗಿಸುತ್ತದೆ. ತೆಳುವಾಗಿ ಹಚ್ಚಿದರೆ ಒಂದೆರಡು ದಿನದಲ್ಲಿ ಮುಟ್ಟಿದರೆ ಅಂಟುವುದಿಲ್ಲ. ಕುಸುಬೆ ಎಣ್ಣೆಯಲ್ಲಿ ಅರೆದ ಟೈಟಾನಿಯಂ ವೈಟ್ ಸಾಮಾನ್ಯ ದಪ್ಪಕ್ಕೆ ಐದಾರು ದಿನ ಹಸಿಯಾಗಿಯೇ ಇರುತ್ತದೆ. ಹಾಗಾದರೆ ಆಕೃತಿಯ ನೆರಳನ್ನೆಲ್ಲ ಅಂಬರ್‌ನಲ್ಲಿ, ಬೆಳಕನ್ನೆಲ್ಲ ಟೈಟಾನಿಯಂನಲ್ಲಿ ಬರೆದು ನಡುವಿನ ಗಳಿಗೆಯಲ್ಲಿ ಒರೆಸಿದರೆ ಬೆಳಕು ಹೋಗಿ ನೆರಳು ಉಳಿಯಬೇಕು. ಕೈ ಆಡಿಸಿ ಆರಿಸುವುದೇ ಬೇಡ, ಬಣ್ಣವೇ ತೀರ್ಮಾನಿಸುತ್ತದೆ.

ಐದನೆಯದರಲ್ಲಿ ಎರಡೂ ಒಟ್ಟಿಗೆ ಬಟ್ಟೆಗೆ ಬಂದವು. ಆರನೆಯದರಲ್ಲಿ ಒಂದು ದಿನ ಹೆಚ್ಚು ಕಾದರೂ ಅದೇ ಕತೆ. ಕೊನೆಗೆ ಟ್ಯೂಬಿನ ಬೆನ್ನು ತಿರುಗಿಸಿ ಕಣ್ಣು ಕಿರಿದು ಮಾಡಿ ವರ್ಣಪುಡಿಯ ಸಂಕೇತ ಓದಿದರೆ: ಪಿಆರ್ 101, ಪಿಬಿಕೆ 7. ಕೆಂಪು ಐರನ್ ಆಕ್ಸೈಡ್ ಮತ್ತು ಕಾರ್ಬನ್ ಕಪ್ಪು! ಮುಂಭಾಗದಲ್ಲಿ ದೊಡ್ಡಕ್ಷರದ ‘ಬರ್ನ್ಟ್ ಅಂಬರ್’, ಅದರ ಕೆಳಗೆ ಇರುವೆ ಬರೆದಷ್ಟು ಸಣ್ಣದಾಗಿ ‘ಹ್ಯೂ’, ಅಂದರೆ ಅದೇ ಬಣ್ಣದ ನಕಲು. ಬಣ್ಣ ಅದೇ, ಮ್ಯಾಂಗನೀಸ್ ಶೂನ್ಯ. ಸಾಲದ್ದಕ್ಕೆ ಕಾರ್ಬನ್ ಕಪ್ಪು ಒಣಗುವುದನ್ನು ತಡಮಾಡುತ್ತದೆ. ಮಾರಿದವರನ್ನು ಕೇಳಿದರೆ ‘ಎಲ್ಲ ಒಂದೇ ಸಾರ್’ ಎಂಬ ಉತ್ತರ. ಅಸಲಿ ಅಂಬರ್ ಟ್ಯೂಬಿನ ಮೇಲೆ ಪಿಬಿಆರ್ 7 ಇರುತ್ತದೆ, ಆದರೆ ಸಿಯೆನಾಗೂ ಅದೇ ಸಂಖ್ಯೆ, ಆದ್ದರಿಂದ ಸಂಖ್ಯೆಯನ್ನಷ್ಟೇ ನಂಬಬೇಡಿ. ಹೊಸ ಟ್ಯೂಬು ಬಂದ ದಿನವೇ ಗಾಜಿನ ಮೇಲೆ ಚಾಕುವಿನಿಂದ ತೆಳ್ಳಗೆ ಎಳೆದಿಡಿ. ಎರಡು ದಿನದಲ್ಲಿ ಗಟ್ಟಿಯಾಗದಿದ್ದರೆ ಅದು ಈ ಕೆಲಸಕ್ಕಲ್ಲ. ಬಿಳಿಯ ಟ್ಯೂಬಿನಲ್ಲೂ ನೋಡಿ: ಪಿಡಬ್ಲ್ಯು 6 (ಟೈಟಾನಿಯಂ) ಮಾತ್ರ ಇರಲಿ. ಪಿಡಬ್ಲ್ಯು 4 ಸೇರಿದ್ದರೆ ಅದು ಜಿಂಕ್. ವರ್ಷಗಳು ಕಳೆದಂತೆ ಪದರ ಪೆಡಸಾಗುತ್ತದೆ.

ಏಳನೆಯದರ ಅಳತೆ ಹೀಗಿತ್ತು. ನೆರಳಿಗೆ ಅಸಲಿ ಅಂಬರ್ ನಾಲ್ಕು ಪಾಲು, ಅಲ್ಟ್ರಾಮರೀನ್ ನೀಲಿ ಒಂದು ಪಾಲು. ಎಣ್ಣೆ ಹಾಕದೆ ಬಣ್ಣ ತೆಳುಮಾಡುವ, ವಾಸನೆಯಿಲ್ಲದ ಸಾಲ್ವೆಂಟ್‌ನಲ್ಲಿ ಚಹಾದಷ್ಟು ತೆಳು. ಅಲ್ಟ್ರಾಮರೀನ್ ಇದಕ್ಕಿಂತ ಹೆಚ್ಚಾದರೆ ಅಂಬರ್‌ನ ಅವಸರ ಕಡಿಮೆಯಾಗುತ್ತದೆ. ಅದು ಆರು ಗಂಟೆ ಸೆಟ್ ಆದ ಮೇಲೆ ಬೆಳಕು: ಟೈಟಾನಿಯಂ, ಯೆಲ್ಲೊ ಓಕರ್, ಕೊಂಚ ಕ್ಯಾಡ್ಮಿಯಂ ರೆಡ್. ಹಿಂಡಿದ ಅಡಿಕೆ ಗಾತ್ರದ ಬಣ್ಣಕ್ಕೆ ಲವಂಗದೆಣ್ಣೆ ಒಂದೇ ತೊಟ್ಟು; ಅದು ಒಣಗುವುದನ್ನು ಇನ್ನಷ್ಟು ಮುಂದೂಡುತ್ತದೆ. ಎರಡು ತೊಟ್ಟಾದರೆ ಪಕ್ಕದ ಅಂಬರ್‌ನ್ನೂ ಮೆತ್ತಗೆ ಮಾಡುತ್ತದೆ. ಬೆಳಕನ್ನು ದಪ್ಪಗೇ ಹಚ್ಚಿ, ತೆಳುವಾದರೆ ಬೇಗ ಒಣಗಿ ಕೈಕೊಡುತ್ತದೆ.

ಗಳಿಗೆ ಸಿಕ್ಕಿದ್ದು 40ನೇ ಗಂಟೆಗೆ. ಪರೀಕ್ಷೆ ಬೆರಳಿನದು: ನೆರಳು ಮುಟ್ಟಿದರೆ ಬೆರಳು ಸ್ವಚ್ಛ, ಬೆಳಕು ಮುಟ್ಟಿದರೆ ಬಿಳಿ. ಮೊದಲು ಪ್ಯಾಲೆಟ್ ಚಾಕುವನ್ನು ಮಲಗಿಸಿ ದಪ್ಪ ಬಣ್ಣ ಎತ್ತಬೇಕು, ನಂತರ ಒಣ ಹತ್ತಿಬಟ್ಟೆಯಿಂದ ಅಂಚಿನಿಂದ ಒಳಕ್ಕೆ, ಪ್ರತಿ ಎಳೆತಕ್ಕೂ ಬಟ್ಟೆಯ ಹೊಸ ಮಗ್ಗುಲು. ಸಾಲ್ವೆಂಟ್ ಮುಟ್ಟಿಸಿದರೆ ಎಳೆಯ ಅಂಬರ್ ಕೂಡ ಕರಗುತ್ತದೆ. ಒಣ ಬಟ್ಟೆ ಒಂದು ಹಾಲುಪೊರೆಯನ್ನು ಬಿಡುತ್ತದೆ. ಕೈಗಳ ಮೇಲೆ ಅದು ಇರಲಿ. ಮುಖದ ಮೇಲೆ ಉಳಿದರೆ ಮತ್ತೆ ದೆವ್ವವೇ. ಅಲ್ಲಿ ಮಾತ್ರ ಹತ್ತಿಕಡ್ಡಿಯನ್ನು ಸಾಲ್ವೆಂಟ್‌ನಲ್ಲಿ ಅದ್ದಿ ಹಿಂಡಿ, ನೆರಳಿನ ಗೆರೆ ದಾಟದಂತೆ ಬೂದು ಬರುವವರೆಗೆ ತೆಗೆದದ್ದಾಯಿತು. ಎಣ್ಣೆ ಹೀರಿದ ಬಟ್ಟೆಗಳು ಮುದ್ದೆಯಾಗಿ ಬಿದ್ದರೆ ತಾವಾಗಿಯೇ ಕಾದು ಹೊತ್ತಿಕೊಳ್ಳಬಹುದು. ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ.

ದೆವ್ವ ಕಾಣುವುದು ಯಾಕೆ ಅಂತ ಗೊತ್ತಾದದ್ದೂ ಇದೇ ಫಲಕದಲ್ಲಿ. ಎಲ್ಲ ಅಂಚುಗಳೂ ಸಮನಾಗಿ ಮಸುಕಾದರೆ ಆಕೃತಿ ಹೊಗೆಯಾಗುತ್ತದೆ. ಇಲ್ಲಿ ದೇಹ ಕುರ್ಚಿಗೆ ತಾಗಿದ ಜಾಗಗಳ ನೆರಳನ್ನು ಮಾತ್ರ ಚೂಪಾಗಿ ಬರೆದಿತ್ತು: ಮೊಣಕೈ ಊರಿದ ಕುರ್ಚಿಯ ತೋಳು, ಬೆನ್ನು ಒರಗಿದ ಪಟ್ಟಿ, ದಿಂಬಿನ ತಗ್ಗು. ಭುಜ, ಕೂದಲು ಸಡಿಲ. ಒರೆಸಿದ ಮೇಲೆ ಭಾರ ಉಳಿಯಿತು, ಭಾರ ಹಾಕಿದವರು ಇಲ್ಲ.

ಮಧ್ಯೆ ಇನ್ನೊಂದು ಹುಳು ತಲೆಗೆ ಹೊಕ್ಕಿದೆ: ಬೆಳ್ಳಿ ತಂತಿಯ ರೇಖಾಚಿತ್ರ. 0.9 ಮಿ.ಮೀ. ತಂತಿಯನ್ನು ಮೆಕಾನಿಕಲ್ ಪೆನ್ಸಿಲ್‌ಗೆ ಸಿಗಿಸಿ, ಬಿಳಿ ಗ್ವಾಷ್ (ಅಪಾರದರ್ಶಕ ಜಲವರ್ಣ) ಬಳಿದ ದಪ್ಪ ಕಾಗದದ ಮೇಲೆ ಒಂದು ಮುಖ. ಎಳೆದಾಗ ಗೆರೆ ಬೂದು. ಗಾಳಿಯಲ್ಲಿರುವ ಗಂಧಕ ತಾಗಿ ತಿಂಗಳುಗಟ್ಟಲೆ ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ರಬ್ಬರಿನಿಂದ ಅಳಿಸಲಾಗದು. ಒರೆಸಿ ಒರೆಸಿ ಸಾಕಾದ ಕೈಗೆ ಅದೇ ಆಕರ್ಷಣೆ.

ಮತ್ತೆ ಏಳನೆಯದಕ್ಕೆ: ಕುರ್ಚಿಯ ಹಿಂದೆ ಬರೆದ ಗೋಡೆಯ ಕಡುಬಣ್ಣ ಅಲ್ಲಲ್ಲಿ ಮಂಕಾಗಿ ಇಂಗಿತ್ತು, ಅಂಬರ್ ಇರುವಲ್ಲಿ ಇದು ಮಾಮೂಲಿ. ಅಗಸೆ ಎಣ್ಣೆ ಮತ್ತು ಸಾಲ್ವೆಂಟ್ ಸಮಪಾಲು ತೆಳ್ಳಗೆ ಉಜ್ಜಿ ಹೆಚ್ಚಾದದ್ದನ್ನು ಒರೆಸಿ ತೆಗೆದರೆ ಆಳ ಮರಳುತ್ತದೆ. ಆಕೃತಿಯ ಜಾಗವನ್ನು ಮುಟ್ಟಲಿಲ್ಲ. ಹೊಳೆಯುವ ಗೋಡೆಯ ಎದುರು ಆ ಮಂಕೇ ಬೇಕು. ವಾರ್ನಿಷ್ ಹಾಕಿದರೆ ಎರಡೂ ಒಂದಾಗಿಬಿಡುತ್ತವೆ. ಅದು ಆರು ತಿಂಗಳ ನಂತರದ ತಲೆನೋವು.

ಎಂಟನೇ ಫಲಕದಲ್ಲಿ ಎರಡು ಕುರ್ಚಿ, ಒರೆಸುವುದು ಒಂದನ್ನೇ. ಬೂದು ಕೋಟ್ ಒಣಗಿದೆ. ಹೊಸ ಅಂಬರ್ ಟ್ಯೂಬಿನ ಗೆರೆ ಗಾಜಿನ ಮೇಲೆ ಎಳೆದು 20 ಗಂಟೆ ಆಯಿತು, ಇನ್ನೂ ಬೆರಳಿಗೆ ಅಂಟುತ್ತಿದೆ.