ಐದನೇ ಸಾಲು

ಮಾರ್ಚ್ 2, 2024, ಶನಿವಾರ ರಾತ್ರಿ

ಪುಟ್ಟಿ ಮಲಗಿದ್ದಾಳೆ. ಕೊರಳಲ್ಲಿ ಬಹುಮಾನದ ಪುಟ್ಟ ಬಟ್ಟೆಚೀಲ ಹಾಗೇ ಇದೆ, ತೆಗೆಯೋಕೆ ಬಿಡಲಿಲ್ಲ. ಒಳಗಿರೋದು ಒಂದು ಪೌಂಡ್ ನಾಣ್ಯ, ವೆಲ್ಷ್ ಪದ್ಯ ಹೇಳಿದ್ದಕ್ಕೆ.

ನಮ್ಮೂರ ಐಸ್ತೆದ್‌ವೊಡ್, ಅಂದರೆ ವೇಲ್ಸ್‌ನವರ ಪದ್ಯ, ಹಾಡಿನ ಸ್ಪರ್ಧೆಯ ಹಬ್ಬ, ಕೋವಿಡ್‌ನಲ್ಲಿ ನಿಂತದ್ದು ಮತ್ತೆ ಶುರುವಾಗಿರಲಿಲ್ಲ. ನಡೆಸುತ್ತಿದ್ದವರಿಗೆಲ್ಲ ವಯಸ್ಸಾಗಿತ್ತು. ಈ ಸಲ ಶಾಲೆಯ ತಾಯಂದಿರೇ ಮುಂದೆ ನಿಂತು ಚಾಪೆಲ್ ಹಿಂದಿನ ಹಾಲ್‌ನಲ್ಲಿ ಮಾಡಿಸಿದರು.

ಗೆದ್ದ ಕವಿಗೆ ಬಹುಮಾನವಾಗಿ ಕುರ್ಚಿ ಕೊಡೋದು ಕೊನೆಗೆ. ಪದ್ಯಗಳು ಗುಟ್ಟು ಹೆಸರಲ್ಲಿ ಬಂದಿರುತ್ತವೆ. ತೀರ್ಪುಗಾರರು ಒಂದೊಂದರ ಒಳ್ಳೇದು ಕೆಟ್ಟದ್ದು ಹೇಳಿ ಗೆದ್ದ ಹೆಸರು ಕೂಗಿದರು. ಎದ್ದು ನಿಂತದ್ದು ಯಾರು ಗೊತ್ತಾ, ದಿನಾ ನಮಗೆ ಪೋಸ್ಟ್ ತಂದುಕೊಡುವಾಕೆ! ಕತ್ತಿಯನ್ನು ಒರೆಯಿಂದ ಅರ್ಧ ಎಳೆದು "ಶಾಂತಿ ಇದೆಯಾ?" ಅಂತ ಮೂರು ಸಲ ಕೇಳಿದರು. ಮೂರು ಸಲವೂ ಹಾಲ್ ಪೂರ್ತಿ "ಹೆದುಖ್" ಅಂದಿತು, ಶಾಂತಿ ಅಂತ. ನನಗೆ ಗಂಟಲು ಕಟ್ಟಿತು. 1917ರಲ್ಲಿ ಬರ್ಕನ್‌ಹೆಡ್ ಊರಲ್ಲಿ ನಡೆದ ರಾಷ್ಟ್ರೀಯ ಐಸ್ತೆದ್‌ವೊಡ್‌ನಲ್ಲಿ ಗೆದ್ದವನ ಹೆಸರು ಕೂಗಿದಾಗ ಯಾರೂ ಏಳಲಿಲ್ಲವಂತೆ. ಹೆದ್ ವಿನ್ ಅನ್ನೋ ಆ ಕುರಿ ಸಾಕುವವನ ಮಗ ಅಷ್ಟು ಹೊತ್ತಿಗೆ ಬೆಲ್ಜಿಯಂ ಯುದ್ಧದಲ್ಲಿ ಸತ್ತಿದ್ದ. ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿದರು.

ಇದನ್ನು ಹೇಳಿದ್ದು ಪಕ್ಕದ ಮನೆ ಅಜ್ಜ, ಟೀ ಕುಡಿಯುವಾಗ. 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ರೀಸ್ ದೊರೆ ಕವಿಗೊಂದು, ವಾದ್ಯದವನಿಗೊಂದು ಕುರ್ಚಿ ಇಟ್ಟಲ್ಲಿಂದ ಶುರುಮಾಡಿದರು. ಆಮೇಲೆ ಕಂಗ್‌ಹಾನೆದ್, ಅಂದರೆ ವೆಲ್ಷ್ ಪದ್ಯದ ಪ್ರಾಸದ ಕಟ್ಟು, ಬಿಡಿಸಿ ಹೇಳಿದರು. ಅದರಲ್ಲಿ ಒಂದು ಬಗೆಯಿದೆ, ಸಾಲಿನ ಮೊದಲರ್ಧದಲ್ಲಿ ಬಂದ ವ್ಯಂಜನಗಳೇ ಅದೇ ಕ್ರಮದಲ್ಲಿ ಎರಡನೇ ಅರ್ಧದಲ್ಲೂ ಬರಬೇಕು. ನಾನೂ ಹುರುಪಿನಲ್ಲಿ, ನಮ್ಮ ಷಟ್ಪದಿಯಲ್ಲಿ ಆರೂ ಸಾಲಿನ ಎರಡನೇ ಅಕ್ಷರ ಒಂದೇ, ನಮ್ಮ ತಾತ ಗಮಕ ಓದುತ್ತಿದ್ದರು, ಊರೆಲ್ಲ ಜಗಲಿಗೆ ಬರ್ತಿತ್ತು ಅಂತೆಲ್ಲ ಹೇಳಿದೆ.

"ಹಾಗಾದ್ರೆ ಒಂದು ಹೇಳಮ್ಮ" ಅಂದರು.

ನಾಲ್ಕು ಸಾಲು ಸಲೀಸಾಗಿ ಬಂತು, ತಾತನ ರಾಗದಲ್ಲೇ. ಐದನೇದು ಬರಲಿಲ್ಲ. ಅಜ್ಜ ಕಪ್ ಹಿಡಿದುಕೊಂಡು ಕಾದರು. ಪಾಪ, ಸುಮಾರು ಹೊತ್ತೇ ಕಾದರು.

ಪುಟ್ಟಿ ಕೇಳಿದಳು, "ಅಮ್ಮಾ, ಇದು ನಮ್ಮ ಕನ್ನಡಾನೇನಾ?"

ದಾರಿಯುದ್ದಕ್ಕೂ ಅದೇ ಮಾತು. ಅವಳಿಗೆ ವೆಲ್ಷ್ ಪ್ರಾಸ ಕಿವಿಯಲ್ಲೇ ಕೂತಿದೆ, ಒಂದಕ್ಷರ ತಪ್ಪಿದರೂ ಗೊತ್ತಾಗುತ್ತೆ. ಖುಷಿ, ತುಂಬಾ ಖುಷಿ. ಆದರೆ ನಾನು ಅವಳ ಜೊತೆ ಮಾತಾಡೋ ಕನ್ನಡ ಏನು? ಊಟ ಮಾಡು, ಶೂ ಹಾಕ್ಕೋ, ಲೇಟಾಯ್ತು. ತಾತ ನನಗೆ ಪದ್ಯ ಕಲಿಸಿದ್ದೂ ಅಲ್ಲ. ಅವರು ಓದುತ್ತಿದ್ದರು, ನಾನು ಅಲ್ಲೇ ಆಡಿಕೊಂಡಿರ್ತಿದ್ದೆ, ಅಷ್ಟೇ.

ಹನ್ನೊಂದಾಯಿತು. ಶಿವಮೊಗ್ಗದಲ್ಲಿ ಬೆಳಗಿನ ನಾಲ್ಕೂವರೆ, ಅಮ್ಮ ಏಳೋದು ಐದಕ್ಕೆ. ಇನ್ನರ್ಧ ಗಂಟೆ ಕಾಯ್ತೀನಿ. ನಾಲ್ಕು ಸಾಲಲ್ಲೂ ಎರಡನೇ ಅಕ್ಷರ 'ರ', ಅಂದರೆ ಐದನೇದರಲ್ಲೂ 'ರ'ನೇ ಬರಬೇಕು, ಹಾಗಿದ್ದರೆ ಅದು ಬಹುಶಃ