ಯಾಕೆ ಡಬ್ಬಿ ಮತ್ತು ಧ್ವಜಕಂಬದ ನೆರಳು

ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಈಗಿನ ಹೆಡ್ ಟೀಚರ್ ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಒಂದು ತಗಡಿನ ಬಿಸ್ಕತ್ ಡಬ್ಬಿ. ಎಂಟನೇ ಕ್ಲಾಸಿನ ಕಿಟಕಿಯ ಮೇಲೆ ಅದು ಕೂತಿರುತ್ತಿತ್ತು. ಮುಚ್ಚಳದಲ್ಲಿ ಹುಂಡಿಗೆ ಇದ್ದ ಹಾಗೆ ಒಂದು ಸೀಳು. ಮೇಲೆ ಅಂಟಿಸಿದ ಕಾಗದದಲ್ಲಿ ಒಂದೇ ಪದ: ಯಾಕೆ?

ನಾನು ಉಡುಪಿ ಹತ್ತಿರದ ಈ ಹೈಸ್ಕೂಲಿಗೆ ಸೇರಿದ್ದು 1991ರಲ್ಲಿ. ವಿಜ್ಞಾನದ ಮಾಷ್ಟ್ರು ಮೊದಲ ದಿನವೇ ಡಬ್ಬಿಯ ನಿಯಮ ಹೇಳಿದರು. ಪಾಠಕ್ಕೆ ಸಂಬಂಧ ಇರಬೇಕಾಗಿಲ್ಲ. ಹೆಸರು ಬರೆಯಬೇಕಾಗಿಲ್ಲ. ಆದರೆ ಪ್ರಶ್ನೆ ಕಣ್ಣಾರೆ ಕಂಡದ್ದರ ಬಗ್ಗೆ ಇರಬೇಕು. ಪ್ರತಿ ಶನಿವಾರ ಕೊನೆಯ ಪಿರಿಯಡ್‌ನಲ್ಲಿ ಒಂದು ಚೀಟಿ ತೆಗೆಯುತ್ತಿದ್ದರು. ಉತ್ತರ ಗೊತ್ತಿದ್ದರೂ ತಕ್ಷಣ ಹೇಳುತ್ತಿರಲಿಲ್ಲ. "ನೋಡುವ, ಮೊದಲು ಹೋಗಿ ನೋಡುವ" ಎನ್ನುತ್ತಿದ್ದರು. ನಾವು ಅವರ ಹಿಂದೆ ಹೊರಡುತ್ತಿದ್ದೆವು.

ನನಗೆ ನೆನಪಿರುವ ಮೊದಲ ಚೀಟಿ ಶಾಲೆಯ ಗೋಡೆಯದ್ದು. "ನಮ್ಮ ಗೋಡೆಯ ಕಲ್ಲಿನಲ್ಲಿ ಇಷ್ಟು ತೂತು ಯಾಕೆ?" ನಮ್ಮೂರಲ್ಲಿ ಮನೆ, ಬಾವಿ, ಕಾಂಪೌಂಡು ಎಲ್ಲವೂ ಮುರಕಲ್ಲಿನವೇ. ಅದರ ತೂತುಗಳಲ್ಲಿ ಇರುವೆ ಗೂಡು ಕಟ್ಟುವುದನ್ನು ನೋಡುತ್ತಲೇ ಬೆಳೆದವರು ನಾವು. ಆದರೂ ಒಬ್ಬರೂ ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಮಾಷ್ಟ್ರು ನಮ್ಮನ್ನು ಹತ್ತಿರದ ಕೋರೆಗೆ ಕರೆದುಕೊಂಡು ಹೋದರು. ಅಲ್ಲಿ ಕಲ್ಲು ಕಡಿಯುವವರು ಕೊಡಲಿಯಂಥ ಆಯುಧದಿಂದ ನೆಲವನ್ನು ಇಟ್ಟಿಗೆಯ ಆಕಾರಕ್ಕೆ ಕತ್ತರಿಸುತ್ತಿದ್ದರು. ಆಗಷ್ಟೇ ಎತ್ತಿದ ಕಲ್ಲಿಗೆ ನಾನು ಉಗುರು ಒತ್ತಿದೆ. ಗೀರು ಬಿತ್ತು! ಹೋದ ವರ್ಷ ಕಡಿದು ಪೇರಿಸಿಟ್ಟ ಕಲ್ಲಿಗೆ ಒತ್ತಿದರೆ ಉಗುರೇ ಸವೆಯಿತು.

ಲಕ್ಷಾಂತರ ವರ್ಷ ಮಳೆ ಸುರಿದು ಸುರಿದು ಬಂಡೆಯೊಳಗಿನ ಕರಗುವ ಅಂಶವೆಲ್ಲ ತೊಳೆದು ಹೋಗುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿಯುತ್ತದೆ. ಕೆಂಪು ಬಣ್ಣ ಆ ಕಬ್ಬಿಣದ್ದು. ತೂತುಗಳು ಮೆತ್ತಗಿನ ಜೇಡಿ ಕೊಚ್ಚಿಹೋದ ಜಾಗಗಳು. ನೆಲದಡಿ ತೇವದಲ್ಲಿ ಇರುವಷ್ಟು ದಿನ ಕಲ್ಲು ಮೆದು. ಗಾಳಿ ಬಿಸಿಲಿಗೆ ಬಂದು ನೀರಿನಂಶ ಹೋದ ಮೇಲೆ ಕಬ್ಬಿಣದ ಅಂಶ ಗಟ್ಟಿಯಾಗಿ ಕೂರುತ್ತದೆ. ಫ್ರಾನ್ಸಿಸ್ ಬುಕಾನನ್ ಎಂಬವರು 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದಾಗ ಈ ಕಲ್ಲನ್ನು ಗಮನಿಸಿದರು. 1807ರಲ್ಲಿ ಅಚ್ಚಾದ ಪುಸ್ತಕದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಲೇಟರ್ ಅಂದರೆ ಇಟ್ಟಿಗೆ. ಈಗ ಜಗತ್ತಿನ ಎಲ್ಲ ಭೂವಿಜ್ಞಾನಿಗಳೂ ಬಳಸುವ ಹೆಸರು ಹುಟ್ಟಿದ್ದು ನಮ್ಮ ಪಶ್ಚಿಮ ಕರಾವಳಿಯ ಕಲ್ಲಿನಿಂದ ಎಂದು ತಿಳಿದಾಗ ನಾನು ಕ್ಲಾಸಿನ ಗೋಡೆಗೆ ಕೈ ಇಟ್ಟುಕೊಂಡೇ ಸುಮಾರು ಹೊತ್ತು ಕೂತಿದ್ದೆ.

ಎಲ್ಲ ಚೀಟಿಯೂ ಇಷ್ಟು ದೂರ ಹೋಗಲಿಲ್ಲ. ಕೆಲವಕ್ಕೆ ಐದು ನಿಮಿಷ ಸಾಕಾಗುತ್ತಿತ್ತು. ಆದರೆ ಒಂದು ಚೀಟಿ ಮಾತ್ರ ಐದು ತಿಂಗಳು ತೆಗೆದುಕೊಂಡಿತು. ಅದನ್ನು ಹಾಕಿದವಳು ನಾನು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಒಂಬತ್ತನೇ ಕ್ಲಾಸು, 1992ರ ಡಿಸೆಂಬರ್. ಊಟದ ಬಿಡುವಿನಲ್ಲಿ ಅಂಗಳದಲ್ಲಿ ಕೂತಿದ್ದಾಗ ಧ್ವಜಕಂಬದ ನೆರಳು ಉದ್ದಕ್ಕೆ ಬಿದ್ದದ್ದು ಕಂಡಿತು. ನಡು ಮಧ್ಯಾಹ್ನ ನೆರಳು ಕಾಲಡಿಗೆ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ ಅಲ್ವಾ? ಹಾಗಾದರೆ ಇದು ಯಾಕೆ ಕಾಲಡಿಗೆ ಬಂದಿಲ್ಲ? ಅದನ್ನೇ ಬರೆದು ಡಬ್ಬಿಗೆ ಹಾಕಿದೆ.

ಮಾಷ್ಟ್ರು ಚೀಟಿ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ಮೀಟರ್ ಉದ್ದದ ಅಡಿಕೆ ಮರದ ಸಲಾಕೆ ತರಿಸಿ, ಗಾರೆಯವರ ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿದರು. ಆಕಾಶವಾಣಿಯ ಸಮಯಕ್ಕೆ ಸರಿ ಮಾಡಿಕೊಂಡ ತಮ್ಮ ಎಚ್‌ಎಂಟಿ ವಾಚನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ನೆರಳಿನ ತುದಿಗೆ ಐದೈದು ನಿಮಿಷಕ್ಕೊಂದು ಕಲ್ಲು ಇಡಬೇಕು. ಯಾವಾಗ ಅತಿ ಗಿಡ್ಡ ಆಗುತ್ತದೆ, ಆಗ ಎಷ್ಟು ಉದ್ದ, ಅಷ್ಟನ್ನು ಬರೆದಿಡಬೇಕು. ನಾವು ನಾಲ್ಕು ಮಂದಿ ಆ ಕೆಲಸಕ್ಕೆ ನಿಂತೆವು.

ಮೊದಲ ಆಶ್ಚರ್ಯ, ಹನ್ನೆರಡು ಗಂಟೆಗೆ ನೆರಳು ಅತಿ ಗಿಡ್ಡ ಆಗಲೇ ಇಲ್ಲ. ಆದದ್ದು 12:29ರ ಹೊತ್ತಿಗೆ. ಉದ್ದ 75 ಸೆಂಟಿಮೀಟರ್, ಉತ್ತರ ದಿಕ್ಕಿಗೆ. ಮಾಷ್ಟ್ರು ಭೂಪಟ ಬಿಡಿಸಿ ತೋರಿಸಿದರು. ಇಡೀ ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಆ ಗೆರೆ ಹಾದುಹೋಗುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ. ನಾವಿರುವುದು ಅದಕ್ಕಿಂತ ಏಳು ಮುಕ್ಕಾಲು ಡಿಗ್ರಿ ಪಶ್ಚಿಮಕ್ಕೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಹಾಗಾಗಿ ಸೂರ್ಯ ನಮ್ಮ ನೆತ್ತಿಯ ಗೆರೆಗೆ ಬರುವುದು ಸುಮಾರು ಅರ್ಧ ಗಂಟೆ ತಡ.

ಸರಿ, ಅಷ್ಟಕ್ಕೆ ಮುಗಿಯಿತು ಅಂದುಕೊಂಡೆವು. ಆದರೆ ಫೆಬ್ರವರಿಯಲ್ಲಿ ಆ ಹೊತ್ತು 12:45ಕ್ಕೆ ಜಾರಿತ್ತು! ವಾಚು ಕೆಟ್ಟಿದೆ ಎಂದು ನಾನು ಅಳುವುದೊಂದು ಬಾಕಿ. ಮಾಷ್ಟ್ರ ಮುಖ ಮಾತ್ರ ಅರಳಿತು. ವಾಚು ಸರಿ ಇದೆ, ನಿನ್ನ ಅಳತೆಯೂ ಸರಿ ಇದೆ ಎಂದರು. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ಗುಂಡಗಿಲ್ಲ. ವೇಗವೂ ವರ್ಷವಿಡೀ ಒಂದೇ ಅಲ್ಲ. ಮೇಲಾಗಿ ಭೂಮಿ ಓರೆಯಾಗಿ ತಿರುಗುತ್ತದೆ. ಇವೆಲ್ಲ ಸೇರಿ ಸೂರ್ಯ ಗಡಿಯಾರಕ್ಕಿಂತ ಕೆಲವು ತಿಂಗಳು ಹಿಂದೆ, ಕೆಲವು ತಿಂಗಳು ಮುಂದೆ. ಫೆಬ್ರವರಿಯಲ್ಲಿ ಹದಿನಾಲ್ಕು ನಿಮಿಷದಷ್ಟು ಹಿಂದೆ ಬೀಳುತ್ತಾನೆ. ನಾಲ್ಕು ಮಕ್ಕಳು ಬೆಣಚುಕಲ್ಲು ಇಟ್ಟು ಇದನ್ನು ಕಂಡುಹಿಡಿಯಬಹುದು ಎಂಬುದು ನನಗೆ ಇವತ್ತಿಗೂ ದೊಡ್ಡ ಸಂಗತಿ.

ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿದ್ದ ಸೂರ್ಯ ದಿನ ದಿನ ಉತ್ತರಕ್ಕೆ ಸರಿಯುತ್ತಿದ್ದ, ನೆರಳು ವಾರ ವಾರ ಗಿಡ್ಡವಾಗುತ್ತ ಬಂತು. ಮಾರ್ಚ್ 21ರ ಹೊತ್ತಿಗೆ 24 ಸೆಂಟಿಮೀಟರ್. ಪರೀಕ್ಷೆ ಮುಗಿದು ರಜೆ ಬಂತು. ಮಾಷ್ಟ್ರು ಏಪ್ರಿಲ್ 25ಕ್ಕೆ ಎಲ್ಲರೂ ಬನ್ನಿ ಎಂದಿದ್ದರು. ಅವತ್ತು ಭಾನುವಾರ. ನಾಲ್ವರ ಬದಲು ಮೂವತ್ತು ಮಕ್ಕಳು ಬಂದಿದ್ದರು, ಕೆಲವರ ಅಮ್ಮಂದಿರೂ ಇದ್ದರು.

12:20ಕ್ಕೆ ಸಲಾಕೆಯ ಬುಡದಲ್ಲಿ ಹೆಬ್ಬೆರಳಗಲದ ನೆರಳು. 12:25ಕ್ಕೆ ಅದೂ ಕರಗುತ್ತಾ ಬಂತು. 12:29ಕ್ಕೆ ಸಲಾಕೆ ಬಿಸಿಲಲ್ಲಿ ಹಾಗೇ ನಿಂತಿದೆ, ಸುತ್ತ ಎಲ್ಲೂ ಕಪ್ಪು ಗೆರೆ ಇಲ್ಲ. ಧ್ವಜಕಂಬಕ್ಕೂ ಇಲ್ಲ. ಅಷ್ಟು ಎತ್ತರದ ಕಂಬ ನೆಲಕ್ಕೆ ಅಂಟಿಲ್ಲವೇನೋ ಎಂಬಂತೆ ಕಾಣುತ್ತಿತ್ತು. ನಮ್ಮ ನೆರಳೆಲ್ಲ ಪಾದದ ಸುತ್ತ ಮುದುಡಿಕೊಂಡಿತ್ತು.

ಆಗ ಮಾಷ್ಟ್ರು "ಬಾವಿ ನೋಡಿ, ಬಾವಿ" ಎಂದು ಕೂಗಿದರು. ಎಲ್ಲರೂ ಓಡಿದೆವು. ಶಾಲೆಯ ಬಾವಿ ಮುರಕಲ್ಲಿನದ್ದು, ಆಳ ಜಾಸ್ತಿ. ಉಳಿದ ದಿನ ಮೇಲಿನ ನಾಲ್ಕು ಸಾಲು ಕಲ್ಲಿಗೆ ಬಿಸಿಲು ತಾಗಿದರೆ ಕೆಳಗೆಲ್ಲ ಕತ್ತಲು. ಅವತ್ತು ಬಿಸಿಲು ನೇರ ಕೆಳಗಿಳಿದಿತ್ತು. ಬೇಸಿಗೆಯಲ್ಲಿ ತಳ ಹಿಡಿದಿದ್ದ ನೀರು ಪೂರ್ತಿ ಬೆಳಗುತ್ತಿತ್ತು. ತಳದ ಬಿಳಿ ಮರಳು, ಯಾವಾಗಲೋ ಬಿದ್ದ ಕೊಡಪಾನ, ಸೊಳ್ಳೆ ಮರಿ ತಿನ್ನಲೆಂದು ಬಿಟ್ಟಿದ್ದ ಮೀನು, ಮೀನಿನ ನೇರ ಕೆಳಗೆ ಮರಳಿನ ಮೇಲೆ ಅದರ ಪುಟ್ಟ ನೆರಳು. ಮೂರು ನಾಲ್ಕು ನಿಮಿಷ ಅಷ್ಟೇ. ಆಮೇಲೆ ಪಶ್ಚಿಮದ ಗೋಡೆಯಿಂದ ಕತ್ತಲು ಮೆಲ್ಲಗೆ ಇಳಿಯಲು ಶುರುವಾಯಿತು.

ಬಾವಿಕಟ್ಟೆಯ ಮೇಲೆ ಕೂತು ಮಾಷ್ಟ್ರು ಗ್ರೀಕ್ ವಿದ್ವಾಂಸ ಎರಟೊಸ್ತನೀಸನ ಕತೆ ಹೇಳಿದರು. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಈಜಿಪ್ಟಿನ ಸಿಯೀನ್ ಊರಲ್ಲಿ ವರ್ಷದ ಒಂದು ದಿನ ಬಿಸಿಲು ಬಾವಿಯ ತಳ ಮುಟ್ಟುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದೇ ದಿನ ಉತ್ತರದ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಬೀಳುತ್ತಿತ್ತು. ಆ ಕೋನ ಇಡೀ ವೃತ್ತದ ಐವತ್ತರಲ್ಲಿ ಒಂದು ಪಾಲು. ಎರಡು ಊರಿನ ದೂರವನ್ನು ಐವತ್ತರಿಂದ ಗುಣಿಸಿ ಅವನು ಭೂಮಿಯ ಸುತ್ತಳತೆ ಹೇಳಿದ. ಪುಸ್ತಕದಲ್ಲಿ ಓದಿದ್ದರೆ ಮರೆಯುತ್ತಿದ್ದೆನೋ ಏನೋ. ಬಾವಿ ನೋಡಿದ ಮೇಲೆ ಕೇಳಿದ್ದಕ್ಕೆ ಹಾಗೇ ಉಳಿಯಿತು.

ಆ ದಿನದ ನಂತರ ಸೂರ್ಯ ನಮ್ಮ ನೆತ್ತಿ ದಾಟಿ ಇನ್ನೂ ಉತ್ತರಕ್ಕೆ ಹೋಗುತ್ತಾನೆ, ನೆರಳು ದಕ್ಷಿಣಕ್ಕೆ ಬೀಳಲು ತೊಡಗುತ್ತದೆ. ಆಗಸ್ಟ್ 17ರ ಸುಮಾರಿಗೆ ಸೂರ್ಯ ವಾಪಸು ಬರುವಾಗ ಮತ್ತೊಮ್ಮೆ ನೆರಳಿಲ್ಲದ ಮಧ್ಯಾಹ್ನ. ಹತ್ತನೇ ಕ್ಲಾಸಿನಲ್ಲಿ ಅದಕ್ಕೂ ಕಾದೆವು. ನಮ್ಮೂರ ಆಗಸ್ಟ್ ಗೊತ್ತಲ್ಲ, ಮಳೆ ಬಿಡಲೇ ಇಲ್ಲ. ಕೊಡೆ ಹಿಡಿದು ಸಲಾಕೆಯ ಪಕ್ಕ ನಿಂತು ವಾಪಸು ಬಂದೆವು.

ಅದೇ ವರ್ಷ ಡಿಸೆಂಬರಿನಲ್ಲಿ ಮಲ್ಪೆಯಿಂದ ದೋಣಿಯಲ್ಲಿ ತೋನ್ಸೆಪಾರಿಗೆ, ಅಂದರೆ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಅಲ್ಲಿನ ಕಲ್ಲಿನ ಕಂಬಗಳಿಗೆ ಐದು, ಆರು, ಏಳು ಮುಖ, ಯಾರೋ ಉಳಿ ಹಿಡಿದು ಕೆತ್ತಿದ ಹಾಗೆ. ಮಾಷ್ಟ್ರು ಕೇಳಿದ್ದು ಇಷ್ಟೇ: ನೀರು ಬತ್ತಿದ ಗದ್ದೆ ನೋಡಿದ್ದೀರಾ? ಗದ್ದೆಯ ಕೆಸರು ಒಣಗಿ ಕುಗ್ಗಿದಾಗ ಬಿರುಕು ಬಿಡುತ್ತದೆ. ಇಲ್ಲಿ ಲಾವಾ ಆರಿ ಕುಗ್ಗಿದಾಗ ಬಿಟ್ಟ ಬಿರುಕು ಮೇಲಿನಿಂದ ಆಳಕ್ಕೆ ಇಳಿಯುತ್ತಾ ಹೋಗಿ ಕಂಬಗಳಾದವು. ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದಿನ ಮಾತು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲ ಅದು. ದೋಣಿಯಲ್ಲಿ ವಾಪಸು ಬರುವಾಗ ನನ್ನ ಗೆಳತಿ ಪಶ್ಚಿಮಕ್ಕೆ ತಿರುಗಿ ಕೂತು, "ಆಚೆ ಕಡೆಯೂ ಇದೇ ಕಲ್ಲು ಇರಬಹುದಾ ಸಾರ್?" ಎಂದು ಕೇಳಿದಳು. ಅದೇ ಕಾಲದ ಜ್ವಾಲಾಮುಖಿ ಶಿಲೆ ಮಡಗಾಸ್ಕರಿನಲ್ಲೂ ಇದೆ ಎಂದು ಮಾಷ್ಟ್ರು ಹೇಳಿದಾಗ ದೋಣಿ ನಡೆಸುವವರೂ ತಿರುಗಿ ನೋಡಿದರು.

ನಾನು ಈಗ ಬೆಂಗಳೂರಿನಲ್ಲಿದ್ದೇನೆ. ಮಾಷ್ಟ್ರು ನಿವೃತ್ತರಾಗಿ ಊರಲ್ಲೇ ಇದ್ದಾರೆ. ಪ್ರತಿ ವರ್ಷ ಏಪ್ರಿಲ್ 25ಕ್ಕೆ ನಾನು ತಾರಸಿಗೆ ಹೋಗಿ ಒಂದು ಸ್ಟೀಲ್ ಲೋಟ ಬೋರಲು ಹಾಕಿ ಕೂರುತ್ತೇನೆ. ಬೆಂಗಳೂರಿಗೂ ಉಡುಪಿಗೂ ಅಕ್ಷಾಂಶದಲ್ಲಿ ಅರ್ಧ ಡಿಗ್ರಿಯೂ ವ್ಯತ್ಯಾಸ ಇಲ್ಲ. ಹಾಗಾಗಿ ಅವತ್ತು ಎರಡೂ ಕಡೆ ಕಣ್ಣಿಗೆ ಕಾಣುವ ನೆರಳು ಇರುವುದಿಲ್ಲ. ಇಲ್ಲಿ ಆ ಹೊತ್ತು 12:17ರ ಆಸುಪಾಸು.

ಈ ಸಲವೂ ಫೋನ್ ಮಾಡಿದೆ. "ಸಾರ್, ಇಲ್ಲಿ ನೆರಳು ಹೋಯಿತು" ಎಂದೆ.

"ಇಲ್ಲಿ ಇನ್ನೂ ಚೂರು ಉಂಟು. ಹನ್ನೆರಡು ನಿಮಿಷ ತಡಿ" ಎಂದರು.

ಫೋನ್ ಇಡಲಿಲ್ಲ. ಅವರ ಅಂಗಳದಲ್ಲಿ ಕಾಗೆ ಕೂಗುವುದು, ಯಾರೋ ಬಾವಿಯಿಂದ ನೀರು ಸೇದುವಾಗ ರಾಟೆ ಕಿರುಗುಟ್ಟುವುದು ಕೇಳುತ್ತಿತ್ತು. ನನ್ನ ಲೋಟದ ಪಶ್ಚಿಮಕ್ಕಿದ್ದ ನೆರಳು ಆಗಲೇ ಪೂರ್ವಕ್ಕೆ ಇಣುಕಿತ್ತು.

"ಹಾಂ," ಎಂದರು ಮಾಷ್ಟ್ರು, "ಈಗ ಬಂತು ನೋಡು."